ಎಲೆ ಚೇತರಿಸಿಕೊಂಡ ಮೇಲೆ ಬಂದ ಬೆಂಕಿ: ಒಂದು ಭತ್ತದ ಹಿಡುವಳಿಯ ಪ್ರಕರಣ ಅಧ್ಯಯನ

ಭತ್ತದ ಬೆಂಕಿ ರೋಗದ ಬಗ್ಗೆ ಮಾಹಿತಿಗೆ ಕೊರತೆಯಿಲ್ಲ. ಯಾವ ಶಿಲೀಂಧ್ರ, ಯಾವ ಔಷಧ, ಎಷ್ಟು ಪ್ರಮಾಣ ಎಂಬುದೆಲ್ಲ ಕೇಳಿದ ಕಡೆ ಸಿಗುತ್ತದೆ. ಬದುವಿನ ಮೇಲೆ ನಿಂತವರು ಯಾವ ಹೊತ್ತಿನಲ್ಲಿ ಯಾವ ತೀರ್ಮಾನಕ್ಕೆ ಬಂದರು, ಆಗ ಅವರ ಕಣ್ಣೆದುರು ಏನಿತ್ತು, ಏನು ಇನ್ನೂ ಕಂಡಿರಲಿಲ್ಲ ಎಂಬ ವಿವರ ಮಾತ್ರ ಅಪರೂಪ. ಅಂಥ ಒಂದು ಹಂಗಾಮಿನ ಕಥೆ ಇದು. ಬೆಳೆ ಸಲಹೆಗೆಂದು ಹೋಗಿ ಬರುತ್ತಿದ್ದ ನಾನು ಅದನ್ನು ಸಸಿಮಡಿಯಿಂದ ಕಣದವರೆಗೆ ನೋಡಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ತಳಿಯ ಹೆಸರು, ಗುರುತು ಹತ್ತುವ ಯಾವುದನ್ನೂ ಇಟ್ಟಿಲ್ಲ. ಹಿಡುವಳಿ ನೋಡಿಕೊಳ್ಳುವ ತಂದೆಯನ್ನು ಯಜಮಾನರು ಎಂದೂ, ಅವರ ಜೊತೆ ಬೇಸಾಯಕ್ಕೆ ನಿಂತಿರುವವರನ್ನು ಮಗಳು ಎಂದೂ ಕರೆಯುತ್ತೇನೆ.

ಹಿನ್ನೆಲೆ

ಹಿಡುವಳಿ ಆರು ಎಕರೆ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಗದ್ದೆಗಳು. ಮೇಲಿನದು ಮರಳು ಮಿಶ್ರಿತ ಹಗುರ ಮಣ್ಣು, ಕಟ್ಟಿದ ನೀರು ಬೇಗ ಇಂಗಿ ಹೋಗುತ್ತದೆ. ನಡುವಿನದು ಜೇಡಿಮಣ್ಣು, ಗಾಳಿ ಬೆಳಕಿಗೆ ತೆರೆದುಕೊಂಡಿದೆ. ಕೆಳಗಿನದು ಹಳ್ಳದ ಪಕ್ಕ. ಅದರ ಪೂರ್ವದ ಬದುವಿನುದ್ದಕ್ಕೂ ಎತ್ತರದ ಮರಗಳ ಸಾಲು ಇರುವುದರಿಂದ ಬೆಳಗಿನ ಬಿಸಿಲು ಅಲ್ಲಿಗೆ ತಡವಾಗಿ ತಲುಪುತ್ತದೆ. ನಡುವಿನ ಗದ್ದೆಯಲ್ಲಿ ಎಲೆ ಒಣಗಿ ಎಷ್ಟೋ ಹೊತ್ತಾದರೂ ಕೆಳಗಿನ ಗದ್ದೆಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಬಟ್ಟೆ ತೊಯ್ಯುತ್ತದೆ. ಮುಂದೆ ನಡೆದ ಎಲ್ಲದಕ್ಕೂ ಈ ಒಂದು ಸಂಗತಿ ಮುಖ್ಯ.

ಮೂರೂ ಗದ್ದೆಗೆ ಒಂದೇ ತಳಿ. ಸಣ್ಣಕ್ಕಿ, ಮಧ್ಯಮಾವಧಿ, ಕೊಳ್ಳುವವರು ಕೇಳಿ ಪಡೆಯುವಂಥದ್ದು. ಬೆಂಕಿ ರೋಗ ತಡೆಯುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ, ಇದು ಯಜಮಾನರಿಗೂ ಗೊತ್ತಿತ್ತು. ಬೀಜ ಮನೆಯದೇ, ಹಿಂದಿನ ಬೆಳೆಯಲ್ಲಿ ಎತ್ತಿಟ್ಟದ್ದು. ಹಿಂದಿನ ಸಲ ಕೆಳಗಿನ ಗದ್ದೆಯಲ್ಲಿ ಅಲ್ಲಲ್ಲಿ ರೋಗ ಕಾಣಿಸಿಕೊಂಡು ತಾನಾಗಿ ನಿಂತಿತ್ತು. ಆ ಗದ್ದೆಯ ಹುಲ್ಲನ್ನು ಅದೇ ಬದುವಿನ ಮೂಲೆಯಲ್ಲಿ ಒಟ್ಟಿದ್ದರು. ಈ ಶಿಲೀಂಧ್ರ ಒಣ ಹುಲ್ಲಿನಲ್ಲೂ ಬೀಜದಲ್ಲೂ ಉಳಿದುಕೊಳ್ಳುತ್ತದೆ. ಹೊಸ ಹಂಗಾಮಿಗೆ ಬೇಕಾದ ಮೊದಲ ಕಿಡಿ ಮನೆಯೊಳಗೇ ಇತ್ತು ಎನ್ನಬಹುದು.

ಆ ವರ್ಷ ಮಳೆ ತಡವಾಯಿತು. ಸಸಿ ಮಡಿಯಲ್ಲೇ ಬಲಿಯಿತು. ನಾಟಿ ಮುಗಿಯುವ ಹೊತ್ತಿಗೆ ಮಾಮೂಲಿಗಿಂತ ಮೂರು ವಾರ ಮುಂದಕ್ಕೆ ಹೋಗಿತ್ತು. ತಳಿ ಹಗಲಿನ ಉದ್ದಕ್ಕೆ ಸ್ಪಂದಿಸುವಂಥದ್ದಲ್ಲವಾದ್ದರಿಂದ ನಾಟಿ ಎಷ್ಟು ತಡವೋ ತೆನೆಯೂ ಸುಮಾರು ಅಷ್ಟೇ ತಡ. ಅಂದರೆ ತೆನೆ ಹೊರಡುವ ಕಾಲ ತಂಪು ರಾತ್ರಿ ಮತ್ತು ದಟ್ಟ ಇಬ್ಬನಿಯ ದಿನಗಳ ಮೇಲೆ ಹೋಗಿ ಬೀಳುತ್ತಿತ್ತು. ನಾಟಿಯ ಗಡಿಬಿಡಿಯಲ್ಲಿ ಇದನ್ನು ಯಾರೂ ಲೆಕ್ಕ ಹಾಕಲಿಲ್ಲ. ಎಲ್ಲರ ಚಿಂತೆ ಒಂದೇ: ಬಲಿತ ಸಸಿ ತೆಂಡೆ, ಅಂದರೆ ಬುಡದಿಂದ ಏಳುವ ಮರಿಕಾಂಡ, ಒಡೆಯುತ್ತದೋ ಇಲ್ಲವೋ.

ಯೂರಿಯಾದ ತೀರ್ಮಾನ

ಯಜಮಾನರ ಮೊದಲ ದೊಡ್ಡ ತೀರ್ಮಾನ ಇಲ್ಲಿ ಬರುತ್ತದೆ. ತಡವಾದದ್ದನ್ನು ತುಂಬಿಕೊಳ್ಳಲು ಮೊದಲ ಮೇಲುಗೊಬ್ಬರದಲ್ಲಿ ಯೂರಿಯಾವನ್ನು ಹೆಚ್ಚಿಸಿದರು. ಅವರ ಲೆಕ್ಕದಲ್ಲಿ ತರ್ಕವಿತ್ತು. ಬಲಿತ ಸಸಿಗೆ ತೆಂಡೆ ಕಡಿಮೆ, ತೆಂಡೆ ಕಡಿಮೆಯಾದರೆ ತೆನೆ ಕಡಿಮೆ, ಸಾರಜನಕ ಕೊಟ್ಟರೆ ತೆಂಡೆ ಏಳುತ್ತದೆ. ಎದ್ದಿತು ಕೂಡ. ಕೆಲವೇ ದಿನಗಳಲ್ಲಿ ಮೂರೂ ಗದ್ದೆ ಕಪ್ಪು ಹಸಿರಿಗೆ ತಿರುಗಿ ನೋಡುವವರ ಕಣ್ಣು ತುಂಬಿತು.

ಆ ಕಪ್ಪು ಹಸಿರಿನ ಒಳಗೆ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾರಜನಕ ಹೆಚ್ಚಾದಾಗ ಎಲೆ ಮೆತ್ತಗೆ, ಅಗಲವಾಗಿ ಬೆಳೆಯುತ್ತದೆ. ಭತ್ತದ ಎಲೆಯ ಹೊರಪದರಕ್ಕೆ ಗಡಸುತನ ಕೊಡುವ ಸಿಲಿಕಾ ಆ ವೇಗಕ್ಕೆ ತಕ್ಕಷ್ಟು ತುಂಬಿಕೊಳ್ಳುವುದಿಲ್ಲ. ಪೈರು ಒತ್ತಾಗಿ ಒಳಗೆ ಗಾಳಿಯಾಡುವುದಿಲ್ಲ, ಎಲೆ ಒಣಗುವುದು ತಡವಾಗುತ್ತದೆ. ಬೆಂಕಿ ರೋಗದ ಶಿಲೀಂಧ್ರ ಮ್ಯಾಗ್ನಪೋರ್ತೆ ಒರೈಝೆ ಎಲೆಯೊಳಗೆ ಹೋಗುವುದು ಗಾಯದ ಮೂಲಕವಲ್ಲ, ನೇರವಾಗಿ ಚುಚ್ಚಿಕೊಂಡು. ಬೀಜಕಣ ಒದ್ದೆ ಎಲೆಗೆ ಅಂಟಿ ಮೊಳೆತು, ತುದಿಯಲ್ಲಿ ಗುಮ್ಮಟದಂಥ ಒಂದು ಕೋಶ ಕಟ್ಟುತ್ತದೆ. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ಪದಾರ್ಥ ಬಳಿದುಕೊಂಡು ಒಳಗೆ 8 ಮೆಗಾಪಾಸ್ಕಲ್‌ವರೆಗೆ ಒತ್ತಡ ಏರಿಸುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡಕ್ಕಿಂತ ಇದು 30 ಪಟ್ಟಿಗೂ ಹೆಚ್ಚು. ಆ ಒತ್ತಡದಿಂದಲೇ ಎಲೆಯ ತೊಗಲು ತೂತಾಗುತ್ತದೆ. ಇಷ್ಟು ಕೆಲಸ ಮುಗಿಯಲು ಎಲೆ ತಾಸುಗಟ್ಟಲೆ ಒದ್ದೆಯಾಗಿ ಇರಬೇಕು. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 10 ತಾಸಿನ ಒದ್ದೆ ಸಿಕ್ಕರೆ ಅದಕ್ಕೆ ಧಾರಾಳ. ಎಲೆ ಒದ್ದೆಯಾಗಿರುವ ತಾಸುಗಳನ್ನು ಎಣಿಸುವುದೇ ಈ ರೋಗದ ಮುನ್ಸೂಚನೆ ಎಂದು ನಾನು ಬಲವಾಗಿ ನಂಬುತ್ತೇನೆ.

ಗೊಬ್ಬರ ಬಿದ್ದ ಬೆನ್ನಿಗೇ ಮೋಡ ಕವಿಯಿತು. ಜೋರು ಮಳೆಯಿಲ್ಲ, ಬಿಸಿಲೂ ಇಲ್ಲ, ಹಗಲು ರಾತ್ರಿ ಸೋನೆ. ಆ ಸೋನೆ ವಾರ ಕಳೆದರೂ ಬಿಡಲಿಲ್ಲ.

ಚುಕ್ಕೆಗಳು, ಮತ್ತು ಅವು ಏನೆಂಬ ಪ್ರಶ್ನೆ

ಚುಕ್ಕೆಯನ್ನು ಮೊದಲು ಕಂಡದ್ದು ಮಗಳು, ಕೆಳಗಿನ ಗದ್ದೆಯ ಮರಗಳ ಪಕ್ಕದ ಸಾಲುಗಳಲ್ಲಿ. ಎರಡು ದಿನ ಬಿಟ್ಟು ಮೇಲಿನ ಗದ್ದೆಯಲ್ಲೂ ಕಂಡವು. ನಡುವಿನದರಲ್ಲಿ ಹುಡುಕಿದರೆ ಒಂದೆರಡು.

ಫೋಟೊ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದರು. ಒಬ್ಬರು ಕಂದು ಚುಕ್ಕೆ ರೋಗ ಎಂದರು, ಇನ್ನೊಬ್ಬರು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ, ಮತ್ತೊಬ್ಬರು ಸತುವಿನ ಕೊರತೆ. ಮೂರಕ್ಕೂ ಬೇರೆ ಬೇರೆ ಮದ್ದು. ಮೂರನ್ನೂ ಕಲಸಿ ಒಂದೇ ಪಂಪಿನಲ್ಲಿ ಹೊಡೆದುಬಿಡೋಣ ಎಂಬ ಮಾತು ಆ ಸಂಜೆ ಮನೆಯಲ್ಲಿ ಬಂತು. ಬಹಳ ಗದ್ದೆಗಳಲ್ಲಿ ಆಗುವುದು ಇದೇ. ಇಲ್ಲಿ ಆಗಲಿಲ್ಲ, ಮಗಳು ಬೆಳಿಗ್ಗೆಯವರೆಗೆ ತಡೆದರು.

ಮರುದಿನ ನಾವು ಮೂವರೂ ಎಲೆ ಕಿತ್ತುಕೊಂಡು ಬದುವಿನ ಮೇಲೆ ಕೂತೆವು. ಮೊದಲು ದುಂಡಾಣು ಹೌದೋ ಅಲ್ಲವೋ ನೋಡಬೇಕಿತ್ತು, ಏಕೆಂದರೆ ಅದಾಗಿದ್ದರೆ ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ. ಪರೀಕ್ಷೆ ಸುಲಭ. ರೋಗದ ಭಾಗ ಸೇರುವಂತೆ ಎಲೆಯನ್ನು ಅಡ್ಡ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ, ಬೆಳಕಿಗೆ ಹಿಡಿದು ಕಾಯಬೇಕು. ದುಂಡಾಣು ಇದ್ದರೆ ಕತ್ತರಿಸಿದ ಅಂಚಿನಿಂದ ಹಾಲಿನಂಥ ಎಳೆ ನೀರಿಗಿಳಿದು, ಹೊತ್ತು ಕಳೆದಂತೆ ನೀರು ಮಬ್ಬಾಗುತ್ತದೆ. ಲೋಟದ ನೀರು ತಿಳಿಯಾಗಿಯೇ ಉಳಿಯಿತು. ಅಂಗಮಾರಿಯಲ್ಲಿ ಎಲೆಯ ತುದಿಯಿಂದ ಅಂಚುಗುಂಟ ಅಲೆಅಲೆಯಾಗಿ ಹಳದಿ ಇಳಿಯುತ್ತದೆ, ಇಲ್ಲಿ ಅದೂ ಇರಲಿಲ್ಲ.

ಆಮೇಲೆ ಚುಕ್ಕೆಯ ಆಕಾರ. ಕೆಳಗಿನ ಗದ್ದೆಯ ಚುಕ್ಕೆಗಳು ಎರಡೂ ತುದಿ ಚೂಪಾಗಿ, ನಡು ಅಗಲವಾಗಿ, ಕಣ್ಣಿನ ಆಕಾರದಲ್ಲಿದ್ದವು. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಎಳೆಯ ಎಲೆಗಳಲ್ಲೇ ಹೆಚ್ಚು. ಕೆಲವು ಕಡೆ ಎರಡು ಮೂರು ಕೂಡಿಕೊಂಡು ಎಲೆಯ ಅರ್ಧಭಾಗ ಸುಟ್ಟಂತಾಗಿತ್ತು. ಬೆಂಕಿ ರೋಗ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಮೇಲಿನ ಗದ್ದೆಯಲ್ಲಿ ಎರಡು ಬಗೆ ಇದ್ದವು. ಎಳೆಯ ಎಲೆಯಲ್ಲಿ ಇದೇ ಕಣ್ಣಿನ ಆಕಾರ, ಹಳೆಯ ಎಲೆಗಳಲ್ಲಿ ಎಳ್ಳಿನಷ್ಟು ಗಾತ್ರದ ದುಂಡು ಮೊಟ್ಟೆಯಾಕಾರದ ಕಂದು ಚುಕ್ಕೆ, ಸುತ್ತ ತೆಳು ಹಳದಿ. ಅದು ಕಂದು ಚುಕ್ಕೆ ರೋಗ. ಮಣ್ಣು ಸಪ್ಪೆಯಾಗಿ, ಪೊಟ್ಯಾಷ್ ಕಡಿಮೆಯಾಗಿ, ಪೈರು ಬಾಯಾರಿದಲ್ಲಿ ಅದು ಬರುತ್ತದೆ. ಕಂದು ಚುಕ್ಕೆ ಎಂದವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅವರಿಗೆ ಹೋದ ಫೋಟೊ ಮೇಲಿನ ಗದ್ದೆಯ ಹಳೆಯ ಎಲೆಯದು.

ಒಂದೇ ಹಿಡುವಳಿಯ ಎರಡು ಗದ್ದೆಗೆ ಒಂದೇ ರೋಗ ಎರಡು ದಾರಿಯಿಂದ ಬಂದಿತ್ತು. ಕೆಳಗೆ ಕಾರಣ ಒದ್ದೆ: ನೆರಳು, ಇಬ್ಬನಿ, ಒತ್ತು ಪೈರು. ಮೇಲೆ ಕಾರಣ ಒಣಗು: ಏಡಿ ಬಿಲಗಳಿಂದ ಬದು ಸೋರಿ ನೀರು ನಿಲ್ಲದೆ ಬೇರು ಬಾಯಾರಿತ್ತು. ನೀರು ನಿಂತ ಗದ್ದೆಗಿಂತ ನೀರಾರಿದ ಗದ್ದೆಯಲ್ಲಿ ಭತ್ತ ಬೆಂಕಿ ರೋಗಕ್ಕೆ ಬೇಗ ಬಗ್ಗುತ್ತದೆ. ಸೋನೆ ಮಳೆ ಎಲೆಯನ್ನು ಒದ್ದೆ ಮಾಡುವಷ್ಟಿತ್ತು, ಹಗುರ ಮಣ್ಣಿನಲ್ಲಿ ನೀರು ಕಟ್ಟುವಷ್ಟಿರಲಿಲ್ಲ. ಗದ್ದೆಯಲ್ಲಿ ನೀರಿದ್ದರೆ ರೋಗ ಹೆಚ್ಚು ಎಂದು ತಿಳಿದು ನೀರು ಬಸಿಯುವವರನ್ನು ಕಂಡಿದ್ದೇನೆ. ಈ ರೋಗದ ಮಟ್ಟಿಗೆ ಅದು ಪೈರಿಗೆ ಮಾಡುವ ಅನ್ಯಾಯ.

ಮೊದಲ ಸುತ್ತು: ಗೊಬ್ಬರ, ನೀರು, ಔಷಧ

ಎರಡನೇ ಮೇಲುಗೊಬ್ಬರದ ಸಮಯ ಹತ್ತಿರವಿತ್ತು. ಅದನ್ನು ತಡೆಯಬೇಕು ಎಂದಾಗ ಯಜಮಾನರು ಒಪ್ಪಲಿಲ್ಲ.

"ತೆನೆ ಮೂಡೋ ಹೊತ್ತಿಗೆ ಗೊಬ್ಬರ ಇಲ್ಲ ಅಂದ್ರೆ ತೆನೆ ಗಿಡ್ಡ ಆಗುತ್ತೆ. ರೋಗ ತಿಂದಿದ್ದು ಸ್ವಲ್ಪ, ನಾವೇ ಕಳಕೊಂಡಿದ್ದು ಹೆಚ್ಚು ಅಂತಾಗುತ್ತೆ."

"ಅಪ್ಪಾ, ಮೂರೂ ಗದ್ದೆಗೆ ಒಂದೇ ಲೆಕ್ಕ ಯಾಕೆ? ನಡುವಿನದಕ್ಕೆ ಪೂರ್ತಿ ಹಾಕಿ. ಕೆಳಗಿನದಕ್ಕೆ ಹೊಸ ಎಲೆ ಹೆಂಗೆ ಬರುತ್ತೆ ನೋಡಿ ಆಮೇಲೆ ಹಾಕಿ."

ಮಗಳ ಈ ಮಾತೇ ಮುಂದಿನ ದಾರಿ ತೋರಿಸಿತು. ಅಲ್ಲಿಯವರೆಗೆ ಆರು ಎಕರೆ ಎಂದರೆ ಒಂದು ಗದ್ದೆ ಎಂಬಂತೆ ಎಲ್ಲ ಕೆಲಸ ನಡೆಯುತ್ತಿತ್ತು. ಅಲ್ಲಿಂದ ಮೂರು ಗದ್ದೆಗೆ ಮೂರು ಲೆಕ್ಕ ಶುರುವಾಯಿತು. ನಡುವಿನ ಗದ್ದೆಗೆ ಮಾಮೂಲಿ ಗೊಬ್ಬರ. ಮೇಲಿನದಕ್ಕೆ ಮೊದಲು ಬಿಲ ಮುಚ್ಚಿ, ಬದುವಿಗೆ ಕೆಸರು ಮೆತ್ತಿ ನೀರು ನಿಲ್ಲಿಸುವುದು, ಆಮೇಲೆ ಪೊಟ್ಯಾಷ್ ಮತ್ತು ಅರ್ಧದಷ್ಟು ಯೂರಿಯಾ. ಕೆಳಗಿನದಕ್ಕೆ ಯೂರಿಯಾ ಸದ್ಯಕ್ಕಿಲ್ಲ. ರೋಗ ಕಂಡ ಎರಡೂ ಗದ್ದೆಗೆ ಒಂದು ಸಲ ಟ್ರೈಸೈಕ್ಲಜೋಲ್ ಸಿಂಪಡಣೆ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ.

ಈ ಔಷಧದ ಕೆಲಸದ ರೀತಿ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಕ್ಕಿಂತ ಅದು ಮೆಲನಿನ್ ತಯಾರಿಸುವುದನ್ನು ತಡೆಯುತ್ತದೆ. ಮೆಲನಿನ್ ಇಲ್ಲದೆ ಆ ಗುಮ್ಮಟ ಒತ್ತಡ ಹಿಡಿದಿಡಲಾರದು, ಒತ್ತಡವಿಲ್ಲದೆ ಎಲೆ ತೂತಾಗದು. ಅಂದರೆ ಶಿಲೀಂಧ್ರ ಒಳಹೋಗುವ ಮುಂಚೆ ಔಷಧ ಗಿಡದ ಮೇಲೆ ಇರಬೇಕು. ಒಳಹೊಕ್ಕ ಮೇಲೆ ಎಷ್ಟು ಹೊಡೆದರೂ ಆಗಿಹೋದ ಚುಕ್ಕೆ ಮಾಯುವುದಿಲ್ಲ. ಇನ್ನೊಂದು ವಿಷಯ: ಯುರೋಪಿಯನ್ ಒಕ್ಕೂಟ 2017ರಲ್ಲಿ ಅಕ್ಕಿಯಲ್ಲಿ ಇದರ ಉಳಿಕೆಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ಆದ್ದರಿಂದ ಇದನ್ನು ಬಳಸುವವರು ತಮ್ಮ ಕಡೆ ಅದಕ್ಕೆ ಅನುಮತಿ ಇದೆಯೇ, ಅಕ್ಕಿ ಎಲ್ಲಿಗೆ ಹೋಗುತ್ತದೆ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಸಿಂಪಡಣೆಯಾದ ಕೆಲವು ದಿನಕ್ಕೆ ಮೋಡ ಸರಿದು ಬಿಸಿಲು ಬಿತ್ತು. ಹೊಸದಾಗಿ ಬಂದ ಎಲೆಗಳು ಚೊಕ್ಕಟವಾಗಿದ್ದವು. ಸುಟ್ಟ ಎಲೆಗಳು ಅಡಿಯಲ್ಲಿ ಮುಚ್ಚಿಹೋದವು. ಔಷಧದಿಂದ ಎಷ್ಟು, ಬಿಸಿಲಿನಿಂದ ಎಷ್ಟು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಪೈರು ದಾಟಿಕೊಂಡಿತು ಎಂದು ಮನೆಯವರೆಲ್ಲ ನಿರಾಳರಾದರು.

ತಿರುವು: ಹೊಡೆಯ ಹಂತ

ಬೆಂಕಿ ರೋಗದ ಮಟ್ಟಿಗೆ ಈ ನಿರಾಳತೆಯಷ್ಟು ಅಪಾಯದ್ದು ಬೇರೆ ಇಲ್ಲ. ಎಲೆಗೆ ಬಂದ ರೋಗವನ್ನು ಪೈರು ಹೊಸ ಎಲೆ ಹಾಕಿ ತುಂಬಿಕೊಳ್ಳಬಲ್ಲದು. ತೆನೆಯ ಕುತ್ತಿಗೆಗೆ ಬಂದರೆ ತುಂಬಿಕೊಳ್ಳಲು ಇನ್ನೊಂದು ಕುತ್ತಿಗೆಯಿಲ್ಲ. ತೆನೆ ಹೊರಬಂದ ಹೊಸತರಲ್ಲೇ ಅಲ್ಲಿ ಶಿಲೀಂಧ್ರ ಕೂತರೆ ಕಾಳಿಗೆ ಹಾಲು ಏರುವ ದಾರಿಯೇ ಮುಚ್ಚಿ ಇಡೀ ತೆನೆ ಜೊಳ್ಳಾಗುತ್ತದೆ. ತಡವಾಗಿ ಕೂತರೆ ಅರೆಬರೆ ಕಾಳು, ಇಲ್ಲವೇ ಕುತ್ತಿಗೆ ಮುರಿದು ಜೋತ ತೆನೆ.

ಆ ಬಿಸಿಲಿನ ದಿನಗಳಲ್ಲೂ ಮಗಳು ಒಂದು ಕೆಲಸ ಬಿಡಲಿಲ್ಲ. ಬೆಳಿಗ್ಗೆ ಮೂರೂ ಗದ್ದೆಗೆ ಹೋಗಿ ಒಣ ಬಟ್ಟೆಯ ತುಂಡನ್ನು ಎಲೆಗಳ ಮೇಲೆ ಎಳೆಯುವುದು, ಬಟ್ಟೆ ಒದ್ದೆಯಾಗದ ಹೊತ್ತು ಯಾವುದೋ ಅದನ್ನು ನೋಟ್ ಪುಸ್ತಕದಲ್ಲಿ ಬರೆಯುವುದು. ಸಂಜೆ ಎಲೆ ಒದ್ದೆಯಾಗತೊಡಗುವ ಹೊತ್ತನ್ನೂ ಅಂದಾಜಿಗೆ ಬರೆಯುತ್ತಿದ್ದರು. ಪೈರು ಹೊಡೆಯಾಗುವ, ಅಂದರೆ ಹೊರಬರುವ ಮುಂಚೆ ತೆನೆ ಒಳಗೇ ಉಬ್ಬುವ, ಹೊತ್ತಿಗೆ ಆ ಪುಟಗಳಲ್ಲಿ ಒಂದು ಚಿತ್ರ ಎದ್ದು ಕಾಣುತ್ತಿತ್ತು. ಇಬ್ಬನಿ ಬೇಗ ಇಳಿಯತೊಡಗಿತ್ತು. ಮಳೆಯ ಹನಿಯಿಲ್ಲದ ದಿನಗಳಲ್ಲೂ ಕೆಳಗಿನ ಗದ್ದೆಯ ಎಲೆ 12 ತಾಸಿಗಿಂತ ಹೆಚ್ಚು ಒದ್ದೆಯಾಗಿರುತ್ತಿತ್ತು. ನಡುವಿನದರಲ್ಲಿ ಅದು ಬಹಳ ಕಡಿಮೆ. ಮರಗಳ ನೆರಳಿಗೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂಬುದು ಆ ಮನೆಯಲ್ಲಿ ಮೊದಲ ಬಾರಿಗೆ ಕಾಗದದ ಮೇಲೆ ಬಂತು.

ಹವಾಮಾನ ಮುನ್ಸೂಚನೆಯಲ್ಲಿ ಮತ್ತೆ ಮೋಡ, ತುಂತುರು ಎಂದಿತ್ತು. ಕೆಳಗಿನ ಗದ್ದೆಯಲ್ಲಿ ಹೊಡೆ ಉಬ್ಬಿ, ಅಲ್ಲೊಂದು ಇಲ್ಲೊಂದು ತೆನೆಯ ತುದಿ ಇಣುಕುತ್ತಿತ್ತು. ಸಿಂಪಡಿಸುವುದಾದರೆ ಈಗಲೇ ಎಂದು ನಾನೂ ಹೇಳಿದೆ, ಮಗಳೂ ಹೇಳಿದರು. ಯಜಮಾನರು ಗದ್ದೆಯ ಕಡೆ ಕೈ ತೋರಿಸಿದರು.

"ಎಲ್ಲಿದೆ ರೋಗ? ಒಂದು ಚುಕ್ಕೆ ತೋರ್ಸು ನೋಡೋಣ. ಇಲ್ಲದ ರೋಗಕ್ಕೆ ಔಷಧ ಹೊಡೀತಾರಾ ಯಾರಾದ್ರೂ?"

ಈ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ವಿಷವನ್ನು ಬೇಕಾದಾಗ ಮಾತ್ರ ಬಳಸಬೇಕು ಎಂಬ ಒಳ್ಳೆಯ ರೈತನ ವಿವೇಕ ಅದರ ಹಿಂದಿದೆ, ಬೇರೆ ಬಹಳ ರೋಗ ಕೀಟಗಳಿಗೆ ಆ ವಿವೇಕವೇ ಸರಿ. ಕುತ್ತಿಗೆ ಬೆಂಕಿಯ ವಿಷಯದಲ್ಲಿ ಮಾತ್ರ ಕಣ್ಣಿಗೆ ಕಂಡ ಮೇಲೆ ಮಾಡಬಹುದಾದ್ದು ಏನೂ ಉಳಿದಿರುವುದಿಲ್ಲ. ಮಗಳು ವಾದಕ್ಕೆ ಹೋಗಲಿಲ್ಲ. ತಂದೆಯನ್ನು ಮರಗಳ ಪಕ್ಕಕ್ಕೆ ಕರೆದುಕೊಂಡು ಹೋಗಿ ಪೈರನ್ನು ಬಿಡಿಸಿ ಅಡಿಯ ಹಳೆಯ ಎಲೆಗಳನ್ನು ತೋರಿಸಿದರು. ಮೇಲಿನಿಂದ ಕಾಣದಂತೆ ಮುಚ್ಚಿಹೋಗಿದ್ದ ಆ ಎಲೆಗಳಲ್ಲಿ ಹಳೆಯ ಚುಕ್ಕೆಗಳು ಹಾಗೇ ಇದ್ದವು. ಕೆಲವುಗಳ ಮೇಲೆ ಬೂದು ಬಣ್ಣದ ಸಣ್ಣ ಬೂಷ್ಟಿತ್ತು. ಒದ್ದೆ ರಾತ್ರಿಗಳಲ್ಲಿ ಅಂಥ ಒಂದೊಂದು ಚುಕ್ಕೆಯೂ ಸಾವಿರಾರು ಬೀಜಕಣ ಹುಟ್ಟಿಸುತ್ತದೆ, ಹೆಚ್ಚಿನವು ಬೆಳಗಾಗುವ ಮುಂಚೆಯೇ ಗಾಳಿಗೆ ಬಿಡುಗಡೆಯಾಗುತ್ತವೆ. ಮೇಲೆ ಎದ್ದು ಬರುತ್ತಿರುವ ಎಳೆ ತೆನೆ ಅವುಗಳಿಂದ ಮೊಳದ ದೂರದಲ್ಲಿತ್ತು.

ಯಜಮಾನರು ಬಹಳ ಹೊತ್ತು ಬಗ್ಗಿ ನೋಡಿದರು. ಕೊನೆಗೆ ಕೆಳಗಿನ ಗದ್ದೆಗೆ ಮಾತ್ರ ಒಪ್ಪಿದರು. ಮೇಲಿನದು ನೀರು ಕಂಡ ಮೇಲೆ ಸುಧಾರಿಸಿದೆ, ನಡುವಿನದಕ್ಕೆ ಏನೂ ಆಗಿಲ್ಲ, ಅಲ್ಲಿ ಬೇಡ ಎಂದರು. ಅದೂ ಒಂದು ತೀರ್ಮಾನವೇ, ಅದರ ಫಲವನ್ನೂ ಕೆಳಗೆ ಹೇಳುತ್ತೇನೆ.

ಭತ್ತದ ಹೂವು ತೆರೆದುಕೊಳ್ಳುವುದು ಹೆಚ್ಚಾಗಿ ಬೆಳಗಿನ ಹೊತ್ತು. ಅದಕ್ಕೆ ತೊಂದರೆಯಾಗದಂತೆ ಮಧ್ಯಾಹ್ನ ಇಳಿದ ಮೇಲೆ ಪಂಪು ಹೊತ್ತರು. ಗದ್ದೆಯ ಅರ್ಧ, ಮರಗಳ ಪಕ್ಕದ ಅರ್ಧ, ಮುಗಿಯುವಷ್ಟರಲ್ಲಿ ಕತ್ತಲಾಯಿತು. ಉಳಿದದ್ದು ನಾಳೆಗೆ ಎಂದುಕೊಂಡರು. ರಾತ್ರಿಯೇ ತುಂತುರು ಹಿಡಿಯಿತು. ಬಿಡುವು ಕೊಟ್ಟು ಎಲೆ ಒಣಗಿ ಉಳಿದರ್ಧಕ್ಕೆ ಔಷಧ ಬೀಳುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಅಷ್ಟರಲ್ಲಿ ಅಲ್ಲಿಯ ತೆನೆಗಳಲ್ಲಿ ಬಹುಪಾಲು ಹೊರಬಂದು, ರಾತ್ರಿ ಹಗಲು ಒದ್ದೆಯಲ್ಲಿ ನಿಂತಿದ್ದವು.

ಏನಾಯಿತು

ಹಾಲುಗಾಳಿನ ಹಂತದಲ್ಲಿ ತಡವಾಗಿ ಸಿಂಪಡಿಸಿದ ಅರ್ಧದಲ್ಲಿ ಬಿಳಿ ತೆನೆಗಳು ಎದ್ದು ನಿಂತವು. ತುಂಬಿದ ತೆನೆ ಬಾಗುತ್ತದೆ. ಇವು ನೆಟ್ಟಗೆ ನಿಂತಿದ್ದರಿಂದ ದೂರದಿಂದಲೇ ಕಾಣುತ್ತಿದ್ದವು. ಪಕ್ಕದ ಗದ್ದೆಯವರು ಬಂದು ನೋಡಿ, ಕಾಂಡಕೊರಕ ಹೊಕ್ಕಿದೆ, ಕೂಡಲೇ ಕೀಟನಾಶಕ ಹೊಡೆಯಿರಿ ಎಂದರು. ಅವರ ಕಾಳಜಿ ನಿಜವಾದದ್ದು, ಬಿಳಿ ತೆನೆ ಕಾಂಡಕೊರಕದಿಂದಲೂ ಬರುತ್ತದೆ. ದೂರದಿಂದ ಎರಡೂ ಒಂದೇ ಥರ.

ಗುರುತಿಸುವ ಬಗೆ ಹೀಗೆ. ಬಿಳಿ ತೆನೆಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಬೇಕು. ಕೊರಕ ಒಳಗೆ ತಿಂದಿದ್ದರೆ ತೆನೆ ಸಲೀಸಾಗಿ ಕಿತ್ತು ಬರುತ್ತದೆ, ಬುಡದಲ್ಲಿ ಕಡಿದ ಗುರುತು, ಹಿಕ್ಕೆ ಇರುತ್ತದೆ. ಇಲ್ಲಿ ಎಳೆದರೆ ಬರಲಿಲ್ಲ. ಬಲ ಹಾಕಿದಾಗ ಕುತ್ತಿಗೆಯಲ್ಲೇ ಮುರಿಯಿತು. ಮುರಿದ ಜಾಗ, ಅಂದರೆ ತೆನೆಯ ಮೊದಲ ಗಿಣ್ಣಿನ ಕೆಳಗೆ, ಬೂದು ಮಿಶ್ರಿತ ಕಪ್ಪುಗಂದು ಪಟ್ಟಿ ಸುತ್ತಿಕೊಂಡಿತ್ತು. ಯಜಮಾನರು ತಾವೇ ಗದ್ದೆಯ ಬೇರೆ ಬೇರೆ ಕಡೆ ಎಳೆದು ನೋಡಿದರು. ಎಲ್ಲ ಕಡೆ ಕುತ್ತಿಗೆಯೇ. ಕೀಟನಾಶಕದ ಮಾತು ಅಲ್ಲಿಗೆ ನಿಂತಿತು. ಒಂದು ಅನವಶ್ಯಕ ಸಿಂಪಡಣೆ ತಪ್ಪಿದ್ದನ್ನು ಈ ಪ್ರಕರಣದ ಗಳಿಕೆಗಳಲ್ಲಿ ನಾನು ಸಣ್ಣದೆಂದು ಎಣಿಸುವುದಿಲ್ಲ. ಗದ್ದೆಯ ಜೇಡ, ಕಣಜ ಇಂಥ ಮಿತ್ರಕೀಟಗಳು ಅದರಿಂದ ಉಳಿದವು.

ಹಳ್ಳದ ಪಕ್ಕದ ಅದೇ ಗದ್ದೆಯ ಮೊದಲರ್ಧದಲ್ಲಿ, ಮರಗಳ ನೆರಳು ಹೆಚ್ಚು ಬೀಳುವ, ಎಲೆಯ ರೋಗ ಹೆಚ್ಚಿದ್ದ ಆ ಭಾಗದಲ್ಲಿ, ಬಿಳಿ ತೆನೆ ಹುಡುಕಬೇಕಾಗಿತ್ತು. ತಳಿ ಒಂದು, ಮಣ್ಣು ಒಂದು, ಗೊಬ್ಬರ ಒಂದು, ಔಷಧವೂ ಒಂದೇ. ಬೇರೆಯಾದದ್ದು ತೆನೆ ಹೊರಡುವ ಮುಂಚೆ ಬಿತ್ತೋ, ಹೊರಟು ನೆಂದ ಮೇಲೆ ಬಿತ್ತೋ ಎಂಬುದು ಮಾತ್ರ. ಕೊಯ್ಲಿನಲ್ಲಿ ಮೊದಲರ್ಧದ ಇಳುವರಿ ನಡುವಿನ ಗದ್ದೆಯ ಹತ್ತಿರಕ್ಕೆ ಬಂತು, ಉಳಿದರ್ಧದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ತೂರುವಾಗ ಆ ಅರ್ಧದ ಭತ್ತದಲ್ಲಿ ಗಾಳಿಗೆ ಹಾರಿಹೋದ ಜೊಳ್ಳು ಮೊದಲರ್ಧಕ್ಕಿಂತ ಹೆಚ್ಚಿತ್ತು.

ಸಿಂಪಡಿಸದೆ ಬಿಟ್ಟ ಎರಡು ಗದ್ದೆಗಳ ವಿಷಯ. ನಡುವಿನದರಲ್ಲಿ ಅಲ್ಲಲ್ಲಿ ಕುತ್ತಿಗೆ ಬೆಂಕಿ ಬಂತು, ಇಳುವರಿಗೆ ತಟ್ಟುವಷ್ಟಲ್ಲ. ಬೇಡ ಎಂದ ಯಜಮಾನರ ಮಾತು ಅಲ್ಲಿ ಸರಿಯಾಯಿತು. ಗಾಳಿಯಾಡುವ, ಬೇಗ ಒಣಗುವ ಗದ್ದೆ ಔಷಧವಿಲ್ಲದೆ ದಾಟಿತು. ಮೇಲಿನದರಲ್ಲಿ ನಷ್ಟ ಕಾಣುವಷ್ಟಿತ್ತು. ಅದರಲ್ಲಿ ರೋಗದ ಪಾಲೆಷ್ಟು, ಆರಂಭದಲ್ಲಿ ನೀರಿಲ್ಲದೆ ಸೊರಗಿದ್ದರ ಪಾಲೆಷ್ಟು ಎಂದು ಬಿಡಿಸಲಾಗದು. ತಡೆಹಿಡಿದಿದ್ದ ಎರಡನೇ ಕಂತಿನ ಯೂರಿಯಾವನ್ನು ಕೆಳಗಿನ ಗದ್ದೆಗೆ ಹೊಸ ಎಲೆ ಚೊಕ್ಕಟವಾದ ಮೇಲೆ ಸ್ವಲ್ಪ ಕೊಟ್ಟಿದ್ದರು. ಅಲ್ಲಿಯ ತೆನೆ ಯಜಮಾನರು ಹೆದರಿದಷ್ಟು ಗಿಡ್ಡವಾಗಲಿಲ್ಲ.

ಈ ಪ್ರಕರಣದಿಂದ ತಿಳಿಯುವುದು

ಇದು ಒಂದು ಹಿಡುವಳಿ, ಒಂದು ಹಂಗಾಮು. ಎರಡು ಅರ್ಧಗಳ ಹೋಲಿಕೆ ಕತ್ತಲಾದದ್ದರಿಂದ ಆದದ್ದು, ಯೋಜನೆ ಮಾಡಿ ಇಟ್ಟ ಪ್ರಯೋಗವಲ್ಲ. ಆದರೂ ರೋಗದ ಸ್ವಭಾವದ ಬಗ್ಗೆ ತಿಳಿದಿರುವುದಕ್ಕೆ ಅದು ಪೂರ್ತಿ ಹೊಂದುತ್ತದೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಬೆಂಕಿ ರೋಗವಿರುವ ಗದ್ದೆಯಲ್ಲಿ ಸಿಂಪಡಣೆಯ ದಿನವನ್ನು ಪೈರಿನ ಹಂತ ಮತ್ತು ಒದ್ದೆಯ ತಾಸು ಇವೆರಡನ್ನು ಕೂಡಿಸಿ ನಿರ್ಧರಿಸಬೇಕು. ಹೊಡೆ ಉಬ್ಬಿದೆ, ಮೊದಲ ತೆನೆಗಳು ಇಣುಕುತ್ತಿವೆ, ಅಡಿಯ ಎಲೆಯಲ್ಲಿ ಹಳೆಯ ಚುಕ್ಕೆಯಿದೆ, ಎಲೆ 10 ತಾಸು ಮೀರಿ ಒದ್ದೆಯಿರುತ್ತದೆ, ಮುಂದೆ ಮೋಡವಿದೆ. ಇಷ್ಟೂ ಕೂಡಿದ ಗದ್ದೆಗೆ ಚುಕ್ಕೆ ಕಾಣಲಿ ಎಂದು ಕಾಯಬಾರದು. ಇವುಗಳಲ್ಲಿ ಮುಖ್ಯವಾದವು ಇಲ್ಲದ ಗದ್ದೆಗೆ, ನಡುವಿನ ಗದ್ದೆಯಂಥದ್ದಕ್ಕೆ, ಹೊಡೆಯಬೇಕಾಗಿಯೂ ಇಲ್ಲ. ಕೆಲಸಕ್ಕೆ ಆಳು, ಪಂಪು ಸೀಮಿತವಾಗಿದ್ದರೆ ಯಾವ ಮೂಲೆಯಿಂದ ಶುರು ಮಾಡಬೇಕು ಎಂಬುದನ್ನೂ ಒದ್ದೆಯ ಲೆಕ್ಕವೇ ಹೇಳುತ್ತದೆ. ಇಲ್ಲಿ ಮರಗಳ ಪಕ್ಕದಿಂದ ಶುರು ಮಾಡಿದ್ದಕ್ಕೇ ಅತಿ ಅಪಾಯದ ಭಾಗ ಉಳಿಯಿತು. ಆ ತುದಿಯಿಂದ ಆರಂಭಿಸೋಣ ಎಂದವರು ಮಗಳು, ಕೈಯಲ್ಲಿ ನೋಟ್ ಪುಸ್ತಕವಿದ್ದದ್ದರಿಂದ.

ತಡವಾದ ನಾಟಿಯನ್ನು ಯೂರಿಯಾದಿಂದ ತುಂಬಿಕೊಳ್ಳಲು ಹೋಗುವುದು ಈ ತಳಿಗೆ, ಈ ಗದ್ದೆಗೆ ದುಬಾರಿ. ನಾಟಿ ತಡವಾದ ದಿನವೇ ತೆನೆ ಹೊರಡುವ ದಿನವನ್ನು ಎಣಿಸಿ, ಅದು ಇಬ್ಬನಿಯ ಕಾಲಕ್ಕೆ ಬೀಳುತ್ತದೆ ಎಂದಾದರೆ ಸಾರಜನಕವನ್ನು ಕಡಿಮೆ ಮಾಡಿ ಹೆಚ್ಚು ಕಂತುಗಳಲ್ಲಿ ಕೊಡುವುದು ಸರಿಯಾದ ದಾರಿ. ತಡವಾಗಿದೆ ಎಂಬುದೇ ಕೈ ತಡೆಯಲು ಕಾರಣವಾಗಬೇಕು. ಬಹಳ ಮನೆಗಳಲ್ಲಿ ಅದೇ ಗೊಬ್ಬರವನ್ನು ಧಾರಾಳವಾಗಿ ಸುರಿಯಲು ಕಾರಣವಾಗುತ್ತದೆ.

ರೋಗ ನಿರೋಧಕ ತಳಿಗೆ ಬದಲಾಗಿ ಎಂಬ ಸಲಹೆ ಸುಲಭದ್ದು, ನಿಜವೂ ಹೌದು. ಅದನ್ನೊಂದೇ ನಂಬಿ ಕೂರಲಾಗದು ಎಂಬುದನ್ನು ಮಾತ್ರ ಸೇರಿಸುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಹೆಚ್ಚು ಇಳುವರಿ ಕೊಡುವ, ಬೆಂಕಿ ರೋಗವನ್ನೂ ತಡೆಯುತ್ತಿದ್ದ ತೊಂಗಿಲ್ ಬಗೆಯ ತಳಿಗಳು ದೇಶದ ತುಂಬ ಹರಡಿದ್ದವು. ಶಿಲೀಂಧ್ರದಲ್ಲಿ ಹೊಸ ಬಗೆ ಹುಟ್ಟಿ 1978ರಲ್ಲಿ ಅದೇ ತಳಿಗಳು ದೊಡ್ಡ ಪ್ರಮಾಣದಲ್ಲಿ ರೋಗಕ್ಕೆ ತುತ್ತಾದವು. ಚೀನಾದ ಯುನ್ನಾನ್‌ನಲ್ಲಿ 1998 ಮತ್ತು 1999ರಲ್ಲಿ ಮಾಡಿ ನೋಡಿದ್ದು ಬೇರೆ ದಾರಿ. ರೋಗಕ್ಕೆ ಬಗ್ಗುವ ಬೆಲೆಬಾಳುವ ತಳಿಯ ಸಾಲುಗಳನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ನಾಟಿ ಮಾಡಿದರು. ಬಗ್ಗುವ ತಳಿ ಒಂಟಿಯಾಗಿ ಬೆಳೆದಾಗ ಬರುತ್ತಿದ್ದಕ್ಕಿಂತ ಬೆಂಕಿ ರೋಗದ ತೀವ್ರತೆ ಶೇ. 94ರಷ್ಟು ಕಡಿಮೆಯಾಯಿತು. ಬೀಜಕಣ ಒಂದು ಗಿಡದಿಂದ ಪಕ್ಕದ್ದಕ್ಕೆ ಹಾರಿದಾಗ ಅಲ್ಲಿ ಬೇರೂರಲು ಜಾಗ ಸಿಗದಿದ್ದರೆ ಸರಪಳಿ ತುಂಡಾಗುತ್ತದೆ.

ಆ ಮನೆಯವರು ಮುಂದಿನ ಹಂಗಾಮಿಗೆ ಮಾಡಿಕೊಂಡ ತೀರ್ಮಾನಗಳು ಇವು. ಬೀಜವನ್ನು ನಡುವಿನ ಗದ್ದೆಯಿಂದ ಮಾತ್ರ ಎತ್ತುವುದು, ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ, ತೊಳೆದು ಒಣಗಿಸಿ, ಬೀಜೋಪಚಾರ ಮಾಡಿಯೇ ಮಡಿಗೆ ಹಾಕುವುದು. ಕೆಳಗಿನ ಗದ್ದೆಯ ಹುಲ್ಲನ್ನು ಬದುವಿನಲ್ಲಿ ಒಟ್ಟದೆ ಗೊಬ್ಬರದ ಗುಂಡಿಗೆ ಸೇರಿಸಿ ಚೆನ್ನಾಗಿ ಕೊಳೆಸುವುದು. ಸಿಲಿಕಾ ಹೆಚ್ಚಿರುವ ಭತ್ತದ ಹೊಟ್ಟಿನ ಬೂದಿಯನ್ನು ಮೊದಲು ಸಸಿಮಡಿಗೆ, ಆಮೇಲೆ ಆ ಗದ್ದೆಗೆ ಕೊಡುವುದು. ಮರಗಳನ್ನು ಕಡಿಯಲು ಮನಸ್ಸಿಲ್ಲ, ಆದರೆ ಕೆಳಗಿನ ಕೊಂಬೆಗಳನ್ನು ಸವರಿ ಬೆಳಗಿನ ಬಿಸಿಲಿಗೆ ದಾರಿ ಮಾಡುವುದು, ಆ ಪಕ್ಕದಲ್ಲಿ ನಾಟಿಯ ಅಂತರ ಹೆಚ್ಚಿಸುವುದು. ಮತ್ತೆ ಸಿಂಪಡಿಸಬೇಕಾಗಿ ಬಂದರೆ ಪ್ರತಿ ಸಲ ಒಂದೇ ಬಗೆಯ ಔಷಧಕ್ಕೆ ಅಂಟಿಕೊಳ್ಳದೆ, ಕೆಲಸದ ರೀತಿ ಬೇರೆಯಾದದ್ದನ್ನು ಅದಲುಬದಲು ಮಾಡುವುದು.

ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಕೆಳಗಿನ ಗದ್ದೆಯಲ್ಲಿ ಎರಡು ತಳಿಗಳ ಸಾಲು ಬೆರೆಸಿ ನಾಟಿ ಮಾಡೋಣ ಎಂಬುದು ಮಗಳ ಬೇಡಿಕೆ. ಎರಡು ತಳಿ ಒಟ್ಟಿಗೆ ಬಲಿಯದಿದ್ದರೆ ಕೊಯ್ಲು ಹೇಗೆ, ಅಕ್ಕಿ ಬೆರೆತರೆ ಕೊಳ್ಳುವವರು ಏನೆನ್ನುತ್ತಾರೆ ಎಂಬುದು ಯಜಮಾನರ ಪ್ರಶ್ನೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಸದ್ಯಕ್ಕೆ ಆದ ಒಪ್ಪಂದವೆಂದರೆ, ಈ ಸಲ ತಡವಾಗಿ ಔಷಧ ಬಿದ್ದು ಹಾಳಾದ ಆ ಅರ್ಧದಲ್ಲಿ ಒಂದು ತುಂಡನ್ನು ಮಗಳ ಲೆಕ್ಕಕ್ಕೆ ಬಿಡುವುದು, ಅದರ ಕೊಯ್ಲನ್ನು ಬೇರೆಯಾಗಿ ಅಳೆಯುವುದು.